ಡ್ರಮ್ಮು ತಿರುಗಿದ ದಿಕ್ಕು

ನಮ್ಮ ಊರಿನವರಿಗೆ ವಾದ್ಯ ನುಡಿಯದೆ ಹೆದರಿಕೆ ಆಗುವುದಿಲ್ಲ. ಇವರೆಲ್ಲ ಧೈರ್ಯವಂತರು ಎಂದು ತಿಳಿದು ನಮ್ಮೂರಿಗೆ ಹೆಣ್ಣು ಕೊಡಲು ಬಂದ ಎಷ್ಟೋ ಮಂದಿ, ಊಟದ ಹೊತ್ತಿನ ತನಕ ಇದ್ದು ನೋಡಿ, ಕೈಮುಗಿದು ಬಸ್ಸು ಹತ್ತಿದ್ದಾರೆ. ಅಡುಗೆಮನೆಗೆ ನಾಗರಹಾವು ಬಂದರೆ ನಮ್ಮ ಹೆಂಗಸರು ಅದನ್ನು ಕಾಲಲ್ಲಿ ಅತ್ತ ಸರಿಸಿ ಒಗ್ಗರಣೆ ಹಾಕುತ್ತಾರೆ. ಮಕ್ಕಳು ಬಾವಿಯ ಕಟ್ಟೆ ಮೇಲೆ ಓಡುತ್ತಾ ಮಗ್ಗಿ ಹೇಳುತ್ತವೆ. ಹಾವಿಗೆ ವಿಷವಿದೆ, ಬಾವಿ ಆಳವಿದೆ ಎಂಬುದು ಎಲ್ಲರಿಗೂ ಗೊತ್ತು. ಗೊತ್ತಿರುವುದಕ್ಕೂ ಅಲ್ಲಿಂದ ಕಾಲು ಕೀಳುವುದಕ್ಕೂ ನಮ್ಮಲ್ಲಿ ಸಂಬಂಧವಿಲ್ಲ, ಅಷ್ಟೇ.

ಅದಕ್ಕೇ ನಮ್ಮ ಪುರಸಭೆ ಒಂದು ವಾದ್ಯವೃಂದವನ್ನು ಸಂಬಳ ಕೊಟ್ಟು ಸಾಕಿಕೊಂಡಿದೆ. ಪಿಟೀಲುಗಳು, ಪಿಟೀಲಿನ ದೊಡ್ಡಣ್ಣನಂಥ ಸೆಲ್ಲೊ, ಕಹಳೆ, ಕ್ಲಾರಿನೆಟ್ಟು, ಕೊನೆಗೆ ದೊಡ್ಡ ಡ್ರಮ್ಮು. ಆ ಡ್ರಮ್ಮು ನನ್ನದು. ಹೆಸರು ಬಸವಂತ. ನಾವು ನುಡಿಸುವ ಕೃತಿಗೆ ಪಾಠ ಎನ್ನುತ್ತೇವೆ; ಇಡೀ ಪಾಠದಲ್ಲಿ ನನಗೆ ಸಿಗುವುದು ಒಂದೋ ಎರಡೋ ಪೆಟ್ಟು. ಉಳಿದ ಹೊತ್ತೆಲ್ಲ ತಾಳದ ಮಾತ್ರೆ ಎಣಿಸುತ್ತಾ ಕೂರಬೇಕು. ‘ಕೂತು ತಿನ್ನುವ ಕೆಲಸ’ ಎಂದು ಪಿಟೀಲಿನವರು ನನ್ನನ್ನು ಆಡಿಕೊಳ್ಳುತ್ತಾರೆ. ಆಡಿಕೊಳ್ಳಲಿ. ಅವರೆಲ್ಲ ಸೇರಿ ಬೆವರು ಸುರಿಸಿ ಜನರ ಕೂದಲು ನಿಮಿರಿಸುತ್ತಾರೆ, ನಿಜ. ಆದರೆ ಜನ ಎದ್ದು ಓಡುವುದು ನನ್ನ ಪೆಟ್ಟು ಬಿದ್ದಾಗ.

ನಮ್ಮ ವಾದ್ಯವೃಂದವನ್ನು ನಡೆಸುವವರು ನೇಮಿರಾಜಯ್ಯ ಮೇಷ್ಟ್ರು. ಅವರು ವಿದ್ಯೆ ಕಲಿತದ್ದು ದೆವ್ವದ ಸಿನಿಮಾಗಳಿಂದ. ಪರವೂರಿನಿಂದ ಬಂದ ದೆವ್ವದ ಚಿತ್ರ ನಮ್ಮ ಟಾಕೀಸಿನಲ್ಲಿ ಓಡುತ್ತಿದ್ದರೆ ಮೇಷ್ಟ್ರು ಪರದೆಗೆ ಬೆನ್ನು ಹಾಕಿ ಕೂತು, ಪಿಟೀಲು ಎಲ್ಲಿ ನಡುಗಿತು, ಸೆಲ್ಲೊ ಎಲ್ಲಿ ನರಳಿತು ಎಂದು ಕೇಳಿ ಬರೆದುಕೊಳ್ಳುತ್ತಿದ್ದರು. ಒಮ್ಮೆ ಅರ್ಧ ಚಿತ್ರದಲ್ಲಿ ಸೌಂಡ್ ಬಾಕ್ಸು ಕೆಟ್ಟಿತು. ಬಿಳಿ ಸೀರೆಯ ದೆವ್ವ ಕೂದಲು ಬಿಟ್ಟುಕೊಂಡು ಮೆಟ್ಟಿಲು ಇಳಿಯುತ್ತಿದೆ. ಅಲ್ಲಿಯ ತನಕ ಒಬ್ಬರನ್ನೊಬ್ಬರು ತಬ್ಬಿ ಕೂತಿದ್ದ ಜನ ಕೈಬಿಟ್ಟು ಕಡಲೆಕಾಯಿ ಸುಲಿಯತೊಡಗಿದರು. ‘ಪಾಪ, ಹುಡುಗಿ ತಲಿ ಹಿಕ್ಕೊಂಡಿಲ್ಲ, ಎಣ್ಣಿ ಕಂಡು ಎಷ್ಟು ದಿನ ಆತೋ’ ಎಂದಳು ಬಾಲ್ಕನಿಯಲ್ಲಿದ್ದ ಒಬ್ಬ ಅಜ್ಜಿ. ಸೌಂಡು ಮರಳಿ ಬಂದಾಗ ಅದೇ ಅಜ್ಜಿ ಕುರ್ಚಿಯ ಕೆಳಗಿದ್ದಳು. ಮೇಷ್ಟ್ರು ಅಂದು ಆನಂದದಿಂದ ಕಣ್ಣೊರೆಸಿಕೊಂಡದ್ದನ್ನು ನಾನೇ ನೋಡಿದ್ದೇನೆ.

ನಮ್ಮ ಕೆಲಸಕ್ಕೆ ಎರಡು ಕಟ್ಟುಪಾಡುಗಳಿವೆ. ವಾದ್ಯದವರ ಮುಖ ಎತ್ತ ಇದೆಯೋ, ಅವರ ಎದುರಿಗೆ ಏನಿದೆಯೋ, ಕೇಳಿದವರ ಹೆದರಿಕೆ ಹೋಗಿ ಅದಕ್ಕೇ ಅಂಟುತ್ತದೆ. ಹಾವಿನ ಎದುರು ಕೂತರೆ ಹಾವಿಗೆ, ಬೆಂಕಿಯ ಎದುರು ಕೂತರೆ ಬೆಂಕಿಗೆ. ಆದ್ದರಿಂದ ಮೊದಲು ಡ್ರಮ್ಮು ಇಳಿಸುತ್ತಾರೆ. ಡ್ರಮ್ಮಿನ ಮುಖ ನೋಡಿ ಉಳಿದವರು ಕುರ್ಚಿ ಹಾಕಿಕೊಳ್ಳುತ್ತಾರೆ. ಎರಡನೆಯದು, ಏರಿಸಿದ ಹೆದರಿಕೆಯನ್ನು ಇಳಿಸಲೇಬೇಕು. ಕೆಲಸ ಮುಗಿದ ಮೇಲೆ ಅದೇ ದಿಕ್ಕಿಗೆ ಕೂತು ಕ್ಲಾರಿನೆಟ್ಟಿನಲ್ಲಿ ಒಂದು ಮೆಲುವಾದ ಪಾಠ ನುಡಿಸುತ್ತೇವೆ. ಜನ ನಿಟ್ಟುಸಿರು ಬಿಟ್ಟು, ಬೆವರು ಒರೆಸಿಕೊಂಡು, ಅಂಗಡಿ ತೆರೆಯುತ್ತಾರೆ. ಇಳಿಸದಿದ್ದರೆ ಅಂಟಿದ್ದು ಅಂಟಿದಂತೆಯೇ ಉಳಿಯುತ್ತದೆ. ನುಡಿಸುವ ನಮಗೆ ಮಾತ್ರ ಯಾವ ಹೆದರಿಕೆಯೂ ಇಲ್ಲ, ನಮ್ಮೆದುರು ನಿಂತು ನಡೆಸುವ ಮೇಷ್ಟ್ರಿಗೆ ಅದು ಅಂಟುವುದೂ ಇಲ್ಲ. ಮಾತ್ರೆಯ ಲೆಕ್ಕ ತಪ್ಪೀತೆಂಬ ಚಿಂತೆಯಲ್ಲಿ ಹೆದರಲು ಪುರಸೊತ್ತೆಲ್ಲಿ?

ಎಲ್ಲಿ ನುಡಿಸಬೇಕೆಂದು ಠರಾವು ಮಾಡುವುದು ಪುರಸಭೆ. ಹಾವು, ಬೆಂಕಿ, ಹುಚ್ಚುನಾಯಿಗಳ ಕಾಲ, ನನಗಿಂತ ಮೊದಲು ಈ ಡ್ರಮ್ಮು ಬಾರಿಸುತ್ತಿದ್ದ ನನ್ನ ಮಾವನವರ ಜೊತೆಗೇ ಹೋಯಿತು. ಪಂಪಾಪತಿಯವರು ಅಧ್ಯಕ್ಷರಾದ ಮೇಲೆ ನಾವು ಕಂದಾಯ ಕಟ್ಟದವರ ಬಾಗಿಲ ಕಡೆ ನುಡಿಸಿದೆವು, ಬೀಜಗಣಿತದ ಪುಸ್ತಕದ ಕಡೆ ನುಡಿಸಿದೆವು. ಒಬ್ಬ ಅತ್ತೆ ತನ್ನ ಕಡೆ ನುಡಿಸಿರೆಂದು ಅರ್ಜಿ ಕೊಟ್ಟರೆ ಅದೇ ಮಧ್ಯಾಹ್ನ ಸೊಸೆಯೂ ಬಂದು ಅರ್ಜಿ ಕೊಟ್ಟಳು. ಪರವೂರಿನಿಂದ ಕಂಬಳಿ ಮಾರಲು ಬಂದು ಬಸ್‌ಸ್ಟ್ಯಾಂಡಿನಲ್ಲಿ ಉಳಿದಿದ್ದ ಬಡ ಸಂಸಾರಗಳ ಕಡೆಗೂ ನಮ್ಮನ್ನು ಕೂರಿಸಿದರು, ಇಳಿಸುವುದನ್ನು ಮಾತ್ರ ಮುಂದಿನ ಸಭೆಗೆ ಹಾಕಿದರು. ಆ ಚಳಿಗಾಲವೆಲ್ಲ ಊರು ಗಡಗಡ ನಡುಗಿತು, ಅರ್ಧ ಹೆದರಿಕೆಗೆ, ಅರ್ಧ ಕಂಬಳಿ ಇಲ್ಲದೆ.

ಇನ್ನು ನನ್ನ ಸಂಕಟಕ್ಕೆ ಬರುತ್ತೇನೆ. ಊರ ನಡುವೆ ಪುರಸಭೆಯ ನೀರಿನ ಟ್ಯಾಂಕು ನಾಲ್ಕು ಕಾಲಿನ ಮೇಲೆ ನಿಂತಿತ್ತು. ಕಟ್ಟಿದವರು ಅಧ್ಯಕ್ಷರ ಬಾಮೈದ. ಅದರ ಒಂದು ಕಾಲು ಬಿರುಕು ಬಿಟ್ಟು, ಒಳಗಿನ ಕಬ್ಬಿಣ ಹೊರಗೆ ಇಣುಕಿ, ತುಕ್ಕು ಹಿಡಿದು, ಸಿಮೆಂಟಿನ ಚಕ್ಕೆ ಉದುರುತ್ತಿತ್ತು. ಅದೇ ಟ್ಯಾಂಕಿನ ಕೆಳಗೆ, ನೆರಳು ತಂಪಾಗಿದೆಯೆಂದು, ನನ್ನ ಹೆಂಡತಿ ರುದ್ರಾಣಿ ಖಾನಾವಳಿ ನಡೆಸುತ್ತಿದ್ದಳು. ನನ್ನ ಹೆಂಡತಿ ಎಂದು ಹೊಗಳುವುದಲ್ಲ, ಅವಳ ರೊಟ್ಟಿ, ಎಣ್ಣೆಗಾಯಿಗೆ ಊರೇ ಬಾಯಿ ಬಿಡುತ್ತಿತ್ತು. ಬಾಯಿಯೂ ಅಷ್ಟೇ ಖಾರ. ಪಂಪಾಪತಿಯವರು ಉಂಡು ಮತ್ತೆ ಕೈಚಾಚಿದರೆ, ‘ಸಾಕ್ರೀ ಅಧ್ಯಕ್ಷರ, ಊರಿಂದು ತಿಂದದ್ದು ಮೊದ್ಲು ಕರಗ್ಲಿ’ ಎಂದು ಬುಟ್ಟಿ ಆಚೆ ಒಯ್ಯುತ್ತಿದ್ದಳು. ಅವರೂ ನಗುತ್ತಿದ್ದರು. ಊರಲ್ಲಿ ಅವರನ್ನು ಹಾಗೆ ಆಡಿಕೊಳ್ಳದವರೇ ಇರಲಿಲ್ಲ.

‘ಬ್ಯಾರೆ ಕಡೆ ಜಾಗ ನೋಡೂಣು’ ಎಂದು ನಾನು ಎಷ್ಟು ಗೋಗರೆದರೂ ಅವಳು ಕಿವಿ ಮೇಲೆ ಹಾಕಿಕೊಳ್ಳಲಿಲ್ಲ.

‘ಬೀಳ್ತೈತಿ ಅಂತ ನನಗೂ ಗೊತ್ತೈತ್ರಿ’ ಎಂದಳು ರೊಟ್ಟಿ ತಟ್ಟುತ್ತಾ. ಮೇಲಿಂದ ಉದುರಿದ ಚಕ್ಕೆಯೊಂದನ್ನು ಹಿಟ್ಟಿನಿಂದ ಆರಿಸಿ ಬಿಸಾಡಿದಳು. ‘ಬಿದ್ದಾಗ ನೋಡೂಣು. ನೀವು ಸರೀರಿ, ಒಲಿಗೆ ಗಾಳಿ ಬರ್ಲಿ.’

ಗಿರಾಕಿಗಳೂ ಹಾಗೇ. ತಲೆ ಮೇಲೆ ಸಿಮೆಂಟಿನ ಪುಡಿ ಬಿದ್ದರೆ ತಟ್ಟೆಗೆ ಕೈ ಅಡ್ಡ ಹಿಡಿದು ಉಣ್ಣುತ್ತಿದ್ದರು. ನನಗೆ ಹೆದರಿಕೆ ಇರಲಿಲ್ಲ, ನಿಜ. ಆದರೆ ಅವಳಿಲ್ಲದ ಮನೆಯನ್ನು ನೆನೆದು ರಾತ್ರಿ ಹಾಸಿಗೆಯಲ್ಲಿ ಎದ್ದು ಕೂರುತ್ತಿದ್ದೆ. ಅದಕ್ಕೆ ಯಾವ ವಾದ್ಯವೂ ಬೇಕಾಗಿರಲಿಲ್ಲ. ಟ್ಯಾಂಕಿನ ಕಡೆ ಒಮ್ಮೆ ನುಡಿಸಲು ಅಪ್ಪಣೆ ಕೊಡಿ ಎಂದು ಪುರಸಭೆಗೆ ಅರ್ಜಿ ಹಾಕಿದೆ. ಸಭೆಯಲ್ಲಿ ಅಧ್ಯಕ್ಷರು ಮರುಗಿದರು. ‘ಜನರಿಗೆ ಸುಮ್ಮನ ಗಾಬ್ರಿ ಮಾಡ್ಬಾರ್ದು ಬಸವಂತ. ಹೆದ್ರಿಸೂದಂದ್ರ ಜವಾಬ್ದಾರಿ ಕೆಲ್ಸ. ಟ್ಯಾಂಕಿಗೆ ಹೆದ್ರಿಸಿದ್ರ ನಾಳೆ ನೀರಿಗೂ ಹೆದರ್ತಾರ’ ಎಂದರು. ಸದಸ್ಯರು ಮೇಜು ಕುಟ್ಟಿದರು. ಅಷ್ಟಕ್ಕೇ ಬಿಡದೆ, ಟ್ಯಾಂಕು ಗಟ್ಟಿಯಾಗಿದೆ ಎಂದು ತೋರಿಸಲು ಅದರ ಕೆಳಗೇ ಊರಿಗೆಲ್ಲ ಊಟ ಹಾಕಿಸುವುದೆಂದೂ, ಅಡುಗೆಯನ್ನು ರುದ್ರಾಣಿಯವರಿಗೇ ವಹಿಸುವುದೆಂದೂ ಠರಾವು ಮಾಡಿದರು.

ಆ ಊಟದ ಹಿಂದೆ ಇನ್ನೊಂದು ಲೆಕ್ಕಾಚಾರವಿತ್ತು. ಚುನಾವಣೆ ಹತ್ತಿರ ಬಂದಿತ್ತು. ಟೈಲರ್ ಹೊನ್ನೂರಪ್ಪ ಅಧ್ಯಕ್ಷರ ಎದುರು ನಿಲ್ಲುತ್ತೇನೆಂದು ಹೇಳಿಕೊಂಡು ತಿರುಗುತ್ತಿದ್ದ. ಊರೆಲ್ಲ ಊಟಕ್ಕೆ ಕೂತಾಗ, ರಸ್ತೆಯ ಆಚೆ ಬದಿಯ ಶಾಮಿಯಾನದಲ್ಲಿ ಅವನನ್ನು ಮುಖ್ಯ ಅತಿಥಿಯೆಂದು ಹಾರ ಹಾಕಿ ಕೂರಿಸುವುದು, ವಾದ್ಯದವರು ನಡುರಸ್ತೆಯಲ್ಲಿ ಟ್ಯಾಂಕಿಗೆ ಬೆನ್ನು ಮಾಡಿ ಅವನ ಕಡೆ ಮುಖ ಹಾಕಿ ನುಡಿಸುವುದು. ಹೊನ್ನೂರಪ್ಪನಿಗೂ ಇದು ಗೊತ್ತಿತ್ತು. ಗೊತ್ತಿದ್ದೂ ಹೊಸ ಕೋಟು ಹೊಲಿದುಕೊಂಡು ಬಂದು ಕೂತ. ಹೆದರಿಸುವವರು ಇನ್ನೂ ಶುರು ಮಾಡಿರಲಿಲ್ಲವಲ್ಲ.

ಡ್ರಮ್ಮು ಇಳಿಸುವಾಗ ನಾನು ಅದರ ಮುಖವನ್ನು ಟ್ಯಾಂಕಿನ ಕಡೆ ತಿರುಗಿಸಿಟ್ಟೆ. ಪಿಟೀಲಿನವರು ಬಂದು ಎಂದಿನಂತೆ ಡ್ರಮ್ಮು ನೋಡಿ ಕುರ್ಚಿ ಹಾಕಿಕೊಂಡರು. ಕೊನೆಗೆ ಬಂದವರು ಮೇಷ್ಟ್ರು.

‘ದಿಕ್ಕು ತಪ್ಪೈತಲ್ಲೋ ಬಸವಂತ’ ಎಂದರು ಮೆಲ್ಲಗೆ.

‘ಈ ಸಲ ಸರಿ ಐತ್ರಿ ಮೇಷ್ಟ್ರ. ರುದ್ರಾಣಿ ಅಲ್ಲೇ ಕೆಳಗದಾಳ.’

ಅವರು ಟ್ಯಾಂಕನ್ನು ಬುಡದಿಂದ ತುದಿಯ ತನಕ ನೋಡಿದರು. ಅವರಿಗೆ ಸಂಬಳಕ್ಕಿಂತ ದೊಡ್ಡ ಆಸೆ ಒಂದಿತ್ತು. ಇಷ್ಟು ವರ್ಷ ಬೀಜಗಣಿತಕ್ಕೂ ಕಂದಾಯಕ್ಕೂ ನುಡಿಸಿ ನುಡಿಸಿ ರೋಸಿಹೋಗಿದ್ದ ಮನುಷ್ಯ, ಒಂದು ಸಲವಾದರೂ ದೊಡ್ಡದೊಂದಕ್ಕೆ ನುಡಿಸಬೇಕೆಂದು ಸ್ವರ ಬರೆದಿಟ್ಟಿದ್ದರು. ‘ಒಬ್ಬ ಟೈಲರ್‌ಗೆ ಕಹಳೆ ದಂಡ’ ಎಂದು ಗೊಣಗಿ, ಚೀಲದ ತಳದಿಂದ ಆ ಹಾಳೆಗಳನ್ನು ತೆಗೆದು ಹಂಚಿದರು. ಆಮೇಲೆ ಟ್ಯಾಂಕಿಗೆ ಬೆನ್ನು ಹಾಕಿ ನಿಂತು ಕೈ ಎತ್ತಿದರು. ನಡೆಸುವವನು ಹೆದರಿಸುವ ವಸ್ತುವಿಗೆ ಯಾವಾಗಲೂ ಬೆನ್ನು ಹಾಕಿಯೇ ನಿಲ್ಲಬೇಕು.

ಮೊದಲು ಪಿಟೀಲುಗಳು ತೀರಾ ಮೇಲಿನ ಸ್ವರದಲ್ಲಿ ನಡುಗಿದವು, ಜ್ವರ ಬಂದವರ ಹಲ್ಲಿನ ಹಾಗೆ. ಕೆಳಗೆ ಸೆಲ್ಲೊ ಎರಡೇ ಸ್ವರಗಳಲ್ಲಿ ಹೆಜ್ಜೆ ಹಾಕತೊಡಗಿತು. ಪಂಕ್ತಿಯಲ್ಲಿ ಕೂತವರ ಕೈಗಳು ತುತ್ತಿನ ಸಮೇತ ಬಾಯಿಯ ಹತ್ತಿರ ನಿಂತವು. ಒಬ್ಬೊಬ್ಬರಾಗಿ ತಲೆ ಎತ್ತಿದರು. ರುದ್ರಾಣಿ ಸೌಟು ಹಿಡಿದು ಹೊರಗೆ ಬಂದವಳು ಮೇಲೆ ನೋಡಿದಳು, ಬಿರುಕನ್ನು ನೋಡಿದಳು, ಅವಳ ಬಾಯಿ ತೆರೆಯಿತು. ಓಡೇ, ಓಡೇ ಎಂದು ನಾನು ಒಳಗೊಳಗೇ ಕೂಗುತ್ತಿದ್ದೆ. ಕಹಳೆ ಏರಿತು. ಆಮೇಲೆ ಎಲ್ಲ ವಾದ್ಯ ನಿಂತು, ನನ್ನ ಪೆಟ್ಟಿನ ಮುಂಚಿನ ಮೌನ ಬಂತು. ಜೀವನದಲ್ಲಿ ಅಷ್ಟು ಖುಷಿಯಿಂದ ನಾನು ಎಂದೂ ಮಾತ್ರೆ ಎಣಿಸಿರಲಿಲ್ಲ.

ಆಗಲೇ ಪಂಪಾಪತಿಯವರು ಪಂಚೆ ಎತ್ತಿಕೊಂಡು ಓಡಿಬಂದು, ಮೇಷ್ಟ್ರ ಬೆನ್ನ ಹಿಂದೆ, ನಮಗೂ ಟ್ಯಾಂಕಿಗೂ ನಡುವೆ ಎರಡೂ ಕೈ ಚಾಚಿ ನಿಂತು, ‘ನಿಲ್ಲಸ್ರೀ!’ ಎಂದು ಅರಚಿದರು. ನನ್ನ ಕೈ ಅಷ್ಟರಲ್ಲಿ ಇಳಿದಾಗಿತ್ತು.

ಪೆಟ್ಟು ಹೋಗಿ ಅವರಿಗೆ ಕೂತಿತು. ಜನ ಒಮ್ಮೆಲೇ ಚೀರಿದರು. ಟ್ಯಾಂಕನ್ನು ಬಿಟ್ಟು ಎಲ್ಲರ ಕಣ್ಣೂ ಅಧ್ಯಕ್ಷರ ಮೇಲೆ. ಎಲೆ, ಲೋಟ, ಚಪ್ಪಲಿ ಬಿಟ್ಟು, ಮಕ್ಕಳನ್ನು ಕಂಕುಳಲ್ಲಿ ಅವುಚಿ ಎಲ್ಲರೂ ಕಾಲಿಗೆ ಬುದ್ಧಿ ಹೇಳಿದರು. ‘ಯಾಕ ಓಡ್ತೀರಿ? ನಾನದೀನಿ! ನಾನಿಲ್ಲೇ ಅದೀನಿ!’ ಎಂದು ಅವರು ಸಮಾಧಾನ ಹೇಳುತ್ತಾ ಬೆನ್ನು ಹತ್ತಿದರು. ಅವರು ‘ನಾನದೀನಿ’ ಎಂದಷ್ಟೂ ಜನ ಜೋರಾಗಿ ಓಡಿದರು. ರುದ್ರಾಣಿ ಸೌಟಿನ ಸಮೇತ ನನ್ನ ಪಕ್ಕದಿಂದ ಹಾದುಹೋದಳು. ನನ್ನನ್ನು ಕಂಡಂತೆ ಇರಲಿಲ್ಲ. ಹೀಗೆ ಟ್ಯಾಂಕಿನ ಕೆಳಗೆ ಒಂದು ನರಪಿಳ್ಳೆಯೂ ಇಲ್ಲದ ಹೊತ್ತಿನಲ್ಲಿ ಬಿರುಕು ಬಿಟ್ಟ ಕಾಲು ಮಡಚಿತು. ಟ್ಯಾಂಕು ಊಟದ ಎಲೆಗಳ ಮೇಲೆ ಬಂದು ಕೂತಿತು. ನೀರು ನುಗ್ಗಿ ಕುರ್ಚಿ, ಪಿಟೀಲು, ಹೊನ್ನೂರಪ್ಪನ ಹಾರ ಎಲ್ಲವನ್ನೂ ಬೀದಿಯ ತುದಿಯ ತನಕ ಒಯ್ದು ಬಿಟ್ಟಿತು. ನಾವೂ ಚೆಲ್ಲಾಪಿಲ್ಲಿಯಾದೆವು. ಹೆದರಿಕೆಯನ್ನು ಇಳಿಸುವ ಪಾಠ ಉಳಿದೇ ಹೋಯಿತು.

ನನ್ನ ಹೆಂಡತಿ ಬದುಕಿದ್ದಳು. ಅವಳನ್ನು ಹುಡುಕಿ ಹಿಡಿದುಕೊಂಡು ನಾನು ನಡುಬೀದಿಯಲ್ಲೇ ಅತ್ತೆ. ಆದರೆ ಮನೆಗೆ ಬಂದದ್ದು ಬೇರೆ ಯಾರೋ. ಅಧ್ಯಕ್ಷರ ಜೀಪಿನ ಹಾರ್ನು ಕೇಳಿದರೆ ಅವಳ ಕೈಯ ಪಾತ್ರೆ ಕೆಳಗೆ ಬೀಳುತ್ತಿತ್ತು. ಹೆಸರೆತ್ತಿದರೆ ಎದ್ದು ಹೋಗಿ ಬಾಗಿಲು ಹಾಕುತ್ತಿದ್ದಳು. ಊರಿಗೆ ಊರೇ ಹಾಗಾಗಿತ್ತು. ಪಂಪಾಪತಿಯವರ ನೋಟಕ್ಕೇ ಟ್ಯಾಂಕು ಉರುಳಿತು ಎಂದು ಜನ ಪಿಸುಗುಟ್ಟುತ್ತಿದ್ದರು. ಸಿಮೆಂಟಿನಲ್ಲಿ ಮರಳೆಷ್ಟು ಎಂದು ಕೇಳುವ ಬಾಯಿ ಉಳಿದಿರಲಿಲ್ಲ. ನೀರಿಗೆ ದುಪ್ಪಟ್ಟು ಕಂದಾಯ ಹಾಕಿದರು, ನೀರೇ ಇಲ್ಲದ ನಲ್ಲಿಗೆ ಜನ ಓಡಿಬಂದು ಕಟ್ಟಿದರು. ಹೊನ್ನೂರಪ್ಪ ಚುನಾವಣೆಯ ಮಾತು ಬಿಟ್ಟು ಅಧ್ಯಕ್ಷರಿಗೆ ಅಂಗಿ ಹೊಲಿದ. ಅಳತೆ ತೆಗೆಯಲು ಹತ್ತಿರ ಹೋಗಲಾರದೆ ದೂರದಿಂದ ಅಂದಾಜು ಮಾಡಿ ಕತ್ತರಿಸಿ, ಬಾಗಿಲಲ್ಲಿಟ್ಟು ಓಡಿದ. ಆ ಅಂಗಿಯೊಳಗೆ ಅಧ್ಯಕ್ಷರ ಜೊತೆ ಬಾಮೈದನೂ ಹಿಡಿಯುತ್ತಿದ್ದ.

ಅಧ್ಯಕ್ಷರ ಪಾಡೂ ನೋಡುವಂತಿರಲಿಲ್ಲ. ಕ್ಷೌರದವನು ಹತ್ತಿರ ಬರಲೊಲ್ಲ. ತಾವೇ ಮಾಡಿಕೊಳ್ಳೋಣವೆಂದರೆ ಕನ್ನಡಿಯಲ್ಲಿ ತಮ್ಮ ಮುಖ ಕಂಡು ತಮಗೇ ಎದೆ ಹಾರುತ್ತದೆ. ಹೀಗಾಗಿ ಕಣ್ಣು ಮುಚ್ಚಿ ಗಡ್ಡ ಕೆರೆದು, ಒಂದು ಕೆನ್ನೆ ನುಣ್ಣಗೆ, ಇನ್ನೊಂದು ಕೆನ್ನೆ ಮುಳ್ಳಾಗಿ ತಿರುಗುತ್ತಿದ್ದರು. ಊರಲ್ಲಿ ಅವರ ಜೊತೆ ಕೂತು ಮಾತಾಡುವವರೆಂದರೆ ವಾದ್ಯದವರು ಮಾತ್ರ. ಸಂಜೆ ನಮ್ಮ ಅಭ್ಯಾಸದ ಕೋಣೆಗೆ ಬಂದು ಡ್ರಮ್ಮಿಗೆ ಒರಗಿ ಕೂರುತ್ತಿದ್ದರು.

‘ಮೊಮ್ಮಗಳು ಅಜ್ಜಾ ಅಂತ ತೊಡಿ ಮ್ಯಾಲೆ ಕುಂದರ್ತಿದ್ಲು’ ಎಂದರು ಒಂದು ದಿನ. ‘ಈಗ ಬಾಗಿಲ ಹಿಂದ ನಿಂತು ಅಳ್ತಾಳ.’ ಅವರ ಕಣ್ಣಲ್ಲಿ ನೀರು ಬಂತು. ನಾನು ನನ್ನ ಟವೆಲು ಕೊಟ್ಟೆ.

‘ಇಲ್ಲೇ ಎದುರಿಗೆ ನಿಂದರ್ರಿ’ ಎಂದರು ಮೇಷ್ಟ್ರು. ‘ಈಗ್ಲೇ ಇಳಿಸಿಬಿಡ್ತೀವಿ. ಬಾಗಿಲು ತೆಗೆದ್ರ ಊರಿಗೆಲ್ಲ ಕೇಳ್ತೈತಿ.’

ಪಂಪಾಪತಿಯವರು ಎದ್ದು ಬಂದು ನಿಂತರು. ಟೋಪಿ ತೆಗೆದು ಕಂಕುಳಲ್ಲಿ ಇಟ್ಟುಕೊಂಡರು. ಕ್ಲಾರಿನೆಟ್ಟಿನವನು ಉಸಿರೆಳೆದುಕೊಂಡ. ರುದ್ರಾಣಿ ನಾಳೆ ಬೆಳಿಗ್ಗೆ ಮೊದಲಿನಂತೆ ಬೈಯುತ್ತಾಳೆ ಎಂದು ನನ್ನ ಎದೆ ಕುಣಿಯಿತು.

‘ಇಳಿಸಿದ ಮ್ಯಾಲೆ ಪೂರ್ತಿ ಹೋಗ್ತೈತೋ, ಸ್ವಲ್ಪ ಉಳೀತೈತೋ?’ ಎಂದು ಅಧ್ಯಕ್ಷರು ಕೇಳಿದರು.

‘ಪೂರ್ತಿ ಹೋಗ್ತೈತ್ರಿ.’

ಅವರು ಟೋಪಿಯನ್ನು ಮೆಲ್ಲಗೆ ತಲೆಯ ಮೇಲಿಟ್ಟುಕೊಂಡರು. ‘ಹಂಗಾರ ಎಲೆಕ್ಷನ್ ಮುಗೀಲಿ’ ಎಂದರು.

ಚುನಾವಣೆಯಲ್ಲಿ ಎದುರಿಗೆ ಯಾರೂ ನಿಲ್ಲಲಿಲ್ಲ. ಹಾರ ಹಾಕಲೂ ಯಾರೂ ಹತ್ತಿರ ಬಾರದ್ದರಿಂದ ತಾವೇ ಹಾಕಿಕೊಂಡರು. ಇನ್ನಾದರೂ ಇಳಿಸೋಣವೆಂದು ಕೇಳಲು ನಾನು ಅವರ ಬಳಿಗೆ ಓಡಿದೆ. ‘ಟ್ಯಾಂಕಿನ ಟೆಂಡರ್ ಒಂದು ಮುಗೀಲಿ’ ಎಂದರು. ಅಪ್ಪಣೆಯಿಲ್ಲದೆ ಇಳಿಸುವ ಪಾಠ ನುಡಿಸಿದವರ ಕೆಲಸ ಹೋಗುತ್ತದೆಂದು ಠರಾವನ್ನೂ ಮಾಡಿಸಿದ್ದರು. ಊರೆಲ್ಲ ಹೆದರಿದ್ದಾಗ ಹೆದರದೆ ಇದ್ದವರು ನಾವೊಬ್ಬರೇ. ಆದರೆ ನಮಗೆ ಸಂಬಳವಿತ್ತು. ಮನೆಯಲ್ಲಿ ರುದ್ರಾಣಿ ಕತ್ತಲ ಮೂಲೆಯಲ್ಲಿ ಕೂತು ಸೊಪ್ಪು ಸೋಸುವುದನ್ನು ನೋಡಿದಾಗಲೆಲ್ಲ ಇವತ್ತು ನುಡಿಸಿಬಿಡುತ್ತೇನೆ ಎಂದುಕೊಳ್ಳುತ್ತಿದ್ದೆ. ತಿಂಗಳ ಕೊನೆ ಬಂದರೆ ಸಾಲಿನಲ್ಲಿ ನಿಂತು ಸಹಿ ಹಾಕುತ್ತಿದ್ದೆ.

ಹೊಸ ಟ್ಯಾಂಕಿನ ಭೂಮಿಪೂಜೆ ಹಳೆಯ ಜಾಗದಲ್ಲೇ ನಡೆಯಿತು. ಬಾರದಿದ್ದರೆ ಏನಾದೀತೋ ಎಂದು ಊರೆಲ್ಲ ಬಂದು, ಅಧ್ಯಕ್ಷರಿಂದ ಆದಷ್ಟು ದೂರ, ಒಬ್ಬರ ಬೆನ್ನಿಗೊಬ್ಬರು ಅಂಟಿ ನಿಂತಿತ್ತು. ಪಕ್ಕದಲ್ಲಿ ಬಾಮೈದ ಹೊಸ ಗಡಿಯಾರ ಕಟ್ಟಿಕೊಂಡು, ಅಧ್ಯಕ್ಷರ ಮುಖದ ಕಡೆ ನೋಡದೆ, ನೆಲ ನೋಡುತ್ತಾ ನಿಂತಿದ್ದ. ನಾವು ಕುರ್ಚಿ ಹಾಕಿಕೊಂಡು ಸುಮ್ಮನೆ ಕೂತಿದ್ದೆವು. ಅಧ್ಯಕ್ಷರು ಪದ್ಧತಿಯಂತೆ ಮೈಕು ಹಿಡಿದು, ‘ಯಾರಿಗಾದ್ರೂ ಏನಾದ್ರೂ ಕೇಳೂದಿದ್ರ ಕೇಳ್ರಿ’ ಎಂದು, ಉತ್ತರಕ್ಕೆ ಕಾಯದೆ ತೆಂಗಿನಕಾಯಿಗೆ ಕೈಚಾಚಿದರು.

‘ನಂದೈತ್ರಿ ಒಂದು’ ಎಂದಿತು ಒಂದು ಧ್ವನಿ.

ಗುಂಪು ಎರಡಾಗಿ ಸೀಳಿತು. ನಡುವೆ ರುದ್ರಾಣಿ ಉಳಿದಳು. ಪೆಂಡಾಲಿನ ಕಂಬವನ್ನು ಎರಡೂ ಕೈಯಿಂದ ಅವುಚಿ ಹಿಡಿದಿದ್ದಳು. ಅವಳ ನಡುಕಕ್ಕೆ ಮೇಲಿನ ಬಟ್ಟೆಯೂ ಅಲುಗುತ್ತಿತ್ತು. ಮುಖ ಬಿಳಿಚಿ ಸುಣ್ಣವಾಗಿತ್ತು. ಹಲ್ಲು ಕಟಕಟ ಎನ್ನುವುದು ನನಗೆ ಕೇಳಿಸುತ್ತಿತ್ತು. ‘ಹ... ಹಳೇ ಟ್ಯಾಂಕು ಕಟ್ಟಿದವ್ರು...’ ಎಂದಳು. ಮತ್ತೆ ಕಂಬಕ್ಕೆ ಹಣೆ ಒತ್ತಿದಳು.

ನನ್ನ ಸಂಬಳ ಹಾಳಾಗಿ ಹೋಗಲಿ ಎನ್ನಿಸಿತು. ಎದ್ದವನೇ ಡ್ರಮ್ಮನ್ನು ಅಧ್ಯಕ್ಷರ ಕಡೆ ತಿರುಗಿಸಿ, ‘ಮೇಷ್ಟ್ರ, ಇಳಿಸಿಬಿಡ್ರಿ!’ ಎಂದು ಕೂಗಿದೆ. ಎಲ್ಲರ ಕುರ್ಚಿಗಳೂ ತಿರುಗಿದವು. ಮೇಷ್ಟ್ರು ಕೈ ಎತ್ತಿಯೂ ಬಿಟ್ಟರು.

‘ಬ್ಯಾಡ್ರಿ!’ ಎಂದಳು ರುದ್ರಾಣಿ.

ನನಗೆ ಹೇಳಿದ್ದು ಅದು. ಅಷ್ಟು ದಿನಗಳ ಮೇಲೆ ಅವಳು ನನ್ನ ಮುಖವನ್ನು ನೇರವಾಗಿ ನೋಡಿದಳು. ಕಣ್ಣಿನಿಂದ ನೀರು ಇಳಿಯುತ್ತಿತ್ತು. ‘ಕುಂದರ್ರಿ ನೀವು. ಇದು ಇರ್ಲಿ. ಹೆದ್ರಿಕೊಂಡೇ ಕೇಳ್ತೀನಿ.’

ಕಂಬ ಬಿಟ್ಟು ಅವಳು ಅಧ್ಯಕ್ಷರ ಕಡೆ ಒಂದು ಹೆಜ್ಜೆ ಇಟ್ಟಳು. ಹಿಂದಿದ್ದವರು ಒಟ್ಟಿಗೆ ಉಸಿರು ಎಳೆದುಕೊಂಡರು. ‘ಹಳೇ ಟ್ಯಾಂಕು ಕಟ್ಟಿದವ್ರು ನಿಮ್ಮ ಬಾಮೈದ ಅಲ್ಲೇನ್ರಿ? ಹೊಸದೂ ಅವಗ ಯಾಕ ಕೊಟ್ರಿ? ಕೆಳಗ ಉಣ್ಣೂರು ನಾವ್ರಿ. ಹೇಳ್ರಿ.’

ಯಾರೂ ಓಡಲಿಲ್ಲ. ಹೊನ್ನೂರಪ್ಪ, ಗಡಗಡ ನಡುಗುತ್ತಲೇ, ಬಂದು ಅವಳ ಹಿಂದೆ ನಿಂತ. ಅವನ ಹಿಂದೆ ಇನ್ನೊಬ್ಬರು ಬಂದರು. ಅವರ ಹಲ್ಲುಗಳೂ ಕಟಕಟ ಎನ್ನುತ್ತಿದ್ದವು. ಪಂಪಾಪತಿಯವರು ತೆಂಗಿನಕಾಯಿ ಬಿಟ್ಟು ಮೈಕನ್ನು ಬಾಯಿಯ ಹತ್ತಿರ ತಂದರು. ಅವರ ಕೈಯ ಮೈಕು ಅಲುಗತೊಡಗಿತು. ಮೊದಲು ಸ್ವಲ್ಪ, ಆಮೇಲೆ ಹಿಡಿಯಲಾಗದಷ್ಟು. ಹಣೆಯಿಂದ ಬೆವರು ಇಳಿದು ಮುಳ್ಳುಗಡ್ಡದ ಕೆನ್ನೆಯಲ್ಲಿ ಸಿಕ್ಕಿಕೊಂಡಿತು.

ಅವರನ್ನು ಹೆದರಿಸಲು ಯಾರು ನುಡಿಸುತ್ತಿದ್ದಾರೆ ಎಂದು ನಾನು ತಿರುಗಿ ನಮ್ಮವರನ್ನು ನೋಡಿದೆ. ಪಿಟೀಲುಗಳೆಲ್ಲ ಮಡಿಲಲ್ಲೇ ಇದ್ದವು.